ಎಡಗೈ ಎತ್ತಿದ ಬಲಗೈ

ಶಿಲುಬೆಯ ಗುರುತು ಹಾಕುವುದು ಹೇಗೆ ಎಂದು ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಕಲಿಸಿದವನು ನಾನು. ವಾರವೆಲ್ಲ ಸರ್ಕಾರಿ ಶಾಲೆಯಲ್ಲಿ ಮಗ್ಗಿ, ಕಾಗುಣಿತ. ಭಾನುವಾರ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಕೊಳ್ಳೇಗಾಲದ ನಮ್ಮ ಚರ್ಚಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಜ್ಞಾನೋಪದೇಶ. ನಿವೃತ್ತಿಯಾಗಿ ಶಾಲೆ ಬಿಟ್ಟರೂ ಶೆಡ್ಡು ಬಿಡಲಿಲ್ಲ. ಅಲ್ಲಿ ಮೊದಲ ಪಾಠವೇ ಬಲಗೈ. ಬಲಗೈ ಬೆರಳ ತುದಿ ಹಣೆ ಮುಟ್ಟಬೇಕು, ಅಲ್ಲಿಂದ ಎದೆ, ಆಮೇಲೆ ಎಡ ಹೆಗಲು, ಕೊನೆಗೆ ಬಲ ಹೆಗಲು. ಪಿತನ, ಸುತನ, ಪವಿತ್ರಾತ್ಮರ ಹೆಸರು ಹೇಳುತ್ತ, ನಿಧಾನಕ್ಕೆ. ಈಗಿನ ಮಕ್ಕಳೋ, ಮೂಗಿನ ಮುಂದೆ ನೊಣ ಓಡಿಸಿದ ಹಾಗೆ ಕೈ ಬೀಸಿ ಮುಗಿಸಿಬಿಡುತ್ತವೆ. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಯಾವುದಾದರೂ ಮಗು ಮರೆತು ಎಡಗೈ ಎತ್ತಿತೋ, ಅದರ ಕಥೆ ಮುಗಿದ ಹಾಗೆ. ಎಡಗೈಯನ್ನು ಬೆನ್ನ ಹಿಂದಿಟ್ಟುಕೊಂಡು ಪಾಠ ಮುಗಿಯುವ ತನಕ ನಿಂತಿರಬೇಕಿತ್ತು. ಊರಿನವರು ನನಗೆ ‘ಬಲಗೈ ಮೇಷ್ಟ್ರು’ ಎಂದು ಹೆಸರಿಟ್ಟಿದ್ದಾರೆ ಎಂಬುದು ನನಗೆ ಗೊತ್ತಿತ್ತು. ಅದನ್ನು ಬಿರುದು ಎಂದೇ ತಿಳಿದಿದ್ದೆ.

ಆ ಬಲಗೈ ಬಿದ್ದುಹೋದದ್ದೂ ಅದೇ ಶೆಡ್ಡಿನಲ್ಲಿ.

ಅವತ್ತು ಮೊದಲ ಸಾಲಿನ ಮಗುವೊಂದು ಎಂದಿನಂತೆ ನೊಣ ಓಡಿಸಿತು. “ಏಯ್, ಹಾಗಲ್ಲ! ಎಲ್ಲರೂ ನನ್ನನ್ನು ನೋಡಿ, ನಾನು ಮಾಡಿದ ಹಾಗೇ ಮಾಡಿ” ಎಂದು ಗದರಿ ಕೈ ಎತ್ತಿದೆ. ಹಣೆ ಮುಟ್ಟಿತು. ಎದೆಗೆ ಬಂತು. ಎಡ ಹೆಗಲ ಕಡೆಗೆ ಹೊರಟಿದ್ದು ಅರ್ಧ ದಾರಿಯಲ್ಲೇ ನಿಂತು, ತೊಪ್ಪನೆ ತೊಡೆಯ ಪಕ್ಕಕ್ಕೆ ಬಿತ್ತು. ನಾನು ಏನಾಯಿತು ಎಂದು ನೋಡುವಷ್ಟರಲ್ಲಿ ಎದುರಿಗಿದ್ದ ಅಷ್ಟೂ ಮಕ್ಕಳು ಹಣೆ ಮುಟ್ಟಿ, ಎದೆ ಮುಟ್ಟಿ, ಕೈಯನ್ನು ತೊಪ್ಪನೆ ಬೀಳಿಸಿದವು. ನನ್ನ ಮೇಷ್ಟ್ರುಗಿರಿಯ ಕಾಲದಲ್ಲೇ ಒಂದು ತರಗತಿ ನಾನು ತೋರಿಸಿದ್ದನ್ನು ಚಾಚೂ ತಪ್ಪದೆ ಮಾಡಿದ್ದು ಅದೊಂದು ಸಲ. ಶಭಾಷ್ ಅನ್ನೋಣ ಎಂದರೆ ಬಾಯಿ ಓರೆಯಾಗಿ ಬರೀ ಗೊರಗೊರ ಸದ್ದು ಬಂತು. ಅದನ್ನೂ ಎರಡು ಮಕ್ಕಳು ಅನುಕರಿಸಿದವಂತೆ.

ಫಾದರ್ ತಮ್ಮ ಕಾರಿನಲ್ಲೇ ಮೈಸೂರಿಗೆ ಸಾಗಿಸಿದರು. ಬೇಗ ತಂದಿದ್ದರಿಂದ ಜೀವ ಉಳಿಯಿತು ಎಂದರು ಡಾಕ್ಟರು. ಹತ್ತು ದಿನ ಆಸ್ಪತ್ರೆಯಲ್ಲಿ ಮಲಗಿ ಎದ್ದು ಬಂದಾಗ ಬಾಯಿ ನೆಟ್ಟಗಾಗಿತ್ತು, ಬಲಗಾಲು ಎಳೆಯುತ್ತಿತ್ತು, ಬಲಗೈ ಮಾತ್ರ ಹೆಗಲಿಗೆ ಹೊಲಿದ ಚೀಲದ ಹಾಗೆ ನೇತಾಡುತ್ತಿತ್ತು. “ಮೊದ್ಲು ಸರಿಯಾಗಿದ್ದು ನೋಡಿ, ಬಾಯಿ!” ಎಂದು ನನ್ನ ಹೆಂಡತಿ ಆಸ್ಪತ್ರೆಯ ವರಾಂಡದಲ್ಲಿ ನರ್ಸಮ್ಮನ ಹತ್ತಿರ ನಗುತ್ತ ಹೇಳಿದಳು. ಹೇಳಿ, ಕಂಬದ ಹಿಂದೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ನಾನು ವೀಲ್ ಚೇರಿನಿಂದ ಎರಡನ್ನೂ ನೋಡಿದೆ.

ಅವಳ ವಿಷಯ ಹೇಳಲೇಬೇಕು. ಹನೂರಿನ ಕಡೆಯ ಹಳ್ಳಿಯವಳು. ತವರಿನಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ದೇವರ ಹತ್ತಿರ ಎರಡೂ. ಮದುವೆಯಾದ ಮರುದಿನ ಬೆಳಿಗ್ಗೆ ನನ್ನ ತಟ್ಟೆಗೆ ಮೊದಲನೇ ಸಲ ಉಪ್ಪಿಟ್ಟು ಬಡಿಸಿದಳು, ಎಡಗೈಯಲ್ಲಿ. ನಾನು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡೆ. ಹುಟ್ಟಾ ಎಡಚಿ ಎಂದು ಮಾವ ನನಗೆ ಹೇಳಿರಲಿಲ್ಲ. ಅವತ್ತಿನಿಂದ ನಲವತ್ತು ವರ್ಷ, ಸೌಟು, ಹಾಲಿನ ಲೋಟ, ಮೇಣದ ಬತ್ತಿ ಹಚ್ಚುವ ಕಡ್ಡಿ, ಅವಳು ಏನು ಎತ್ತಿದರೂ ನನ್ನದು ಒಂದೇ ಮಾತು: “ಬಲಗೈ!” ಅವಳೂ ಗೊಣಗದೆ ಕೈ ಬದಲಿಸುತ್ತಿದ್ದಳು. ತಿದ್ದಿಬಿಟ್ಟೆ ಎಂದು ನಾನು ಬೀಗಿದ್ದೆ.

ಈಗ ಮನೆಗೆ ಬಂದ ಮೊದಲ ದಿನ ಅನ್ನ ಕಲಸಿ ತುತ್ತು ನನ್ನ ಬಾಯಿಯ ಹತ್ತಿರ ತಂದಳು. ಆ ಕೈ ಯಾವುದು ಎಂದು ನಾನು ನೋಡಿದೆ, ಅವಳೂ ನೋಡಿದಳು. “ಬೇಕಾದ್ರೆ ತಿನ್ನಿ, ಇಲ್ದಿದ್ರೆ ಬುಡಿ. ಬಲಗೈಲಿ ತಿನ್ನಿಸುದ್ರೆ ಮೂಗಿಗೋಯ್ತದೆ” ಎಂದಳು. ತಿಂದೆ. ಹಸಿವಿನ ಮುಂದೆ ಯಾವ ಶಾಸ್ತ್ರ.

ಆದರೆ ಅನ್ನಕ್ಕೆ ಕೊಟ್ಟ ರಿಯಾಯಿತಿಯನ್ನು ದೇವರ ವಿಷಯದಲ್ಲಿ ಕೊಡಲು ನಾನು ತಯಾರಿರಲಿಲ್ಲ. ನಮ್ಮಲ್ಲಿ ಯಾವ ಪ್ರಾರ್ಥನೆಯಾದರೂ ಶಿಲುಬೆ ಗುರುತಿನಿಂದಲೇ ಶುರು, ಅದರಿಂದಲೇ ಮುಕ್ತಾಯ. ಶುರುವೇ ಆಗದಿದ್ದರೆ ಮುಂದಿನದು ಎಲ್ಲಿಂದ ಬರಬೇಕು? ಎಡಗೈಯಲ್ಲಿ ಹಾಕೋಣವೆಂದರೆ, ಬೆನ್ನ ಹಿಂದೆ ಕೈ ಕಟ್ಟಿಸಿ ನಿಲ್ಲಿಸಿದ್ದ ಮಕ್ಕಳ ಮುಖಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತಿದ್ದವು. ಒಂದು ಸಲ ಊಟಕ್ಕೆ ಮೊದಲು ಎಡಗೈಯಿಂದ ಬಲಗೈಯನ್ನು ಹಿಡಿದೆತ್ತಿ ಪ್ರಯತ್ನಿಸಿದೆ. ಹಣೆಗೆಂದು ಹೊರಟ ಕೈ ಕನ್ನಡಕಕ್ಕೆ ಬಡಿದು ಕನ್ನಡಕ ಸಾಂಬಾರಿನಲ್ಲಿ ಬಿತ್ತು. ಅದೂ ಅಲ್ಲದೆ, ಎತ್ತಿದ್ದು ಎಡಗೈ ತಾನೆ? ಕಳ್ಳದಾರಿಯಲ್ಲಿ ಬಂದರೂ ಎಡಗೈ ಎಡಗೈಯೇ. ಕೊನೆಗೆ ಹೆಂಡತಿಯನ್ನು ಕರೆದು ಹೇಳಿಬಿಟ್ಟೆ: “ಈ ಬಲಗೈ ತಾನಾಗಿ ನನ್ನ ಹಣೆ ಮುಟ್ಟುವವರೆಗೆ ನಾನು ಪ್ರಾರ್ಥನೆ ಮಾಡಲ್ಲ, ಚರ್ಚಿನ ಮೆಟ್ಟಿಲೂ ಹತ್ತಲ್ಲ.”

“ಮುಟ್ದೇ ಓದ್ರೆ?” ಎಂದಳು.

ಡಾಕ್ಟರೂ ಗ್ಯಾರಂಟಿ ಕೊಟ್ಟಿರಲಿಲ್ಲ. ಆರು ತಿಂಗಳಲ್ಲಿ ಬಂದರೆ ಬಂತು, ಆಮೇಲೆ ಕಷ್ಟ ಎಂದಿದ್ದರು. ಬಲಹೀನನಾದಾಗಲೇ ದೇವರ ಬಲ ಸಿಗುತ್ತದೆ ಎಂಬ ಪಾಠವನ್ನು ನಾನೇ ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು. ತಪ್ಪಿದವರಿಗೆ ಬೆತ್ತದ ರುಚಿಯನ್ನೂ ತೋರಿಸಿದವನು. ಈಗ ಆ ಪಾಠ ನನ್ನ ಪಾಲಿಗೆ ಬಂದಾಗ ಮುಖ ತಿರುಗಿಸಿ ಗೋಡೆ ನೋಡುತ್ತ ಕುಳಿತೆ. ಹೆದರಿಕೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಇನ್ನು ಎಂದೆಂದಿಗೂ ಆ ಮೆಟ್ಟಿಲು ಹತ್ತದೆ, ಒಂದು ದಿನ ನಾಲ್ಕು ಜನ ಹೊತ್ತು ಒಳಗೆ ತರುವ ಹಾಗೇ ಆಗಿಬಿಡುತ್ತದೋ ಎಂದು ಹೆದರಿಕೆ.

ಸುದ್ದಿ ತಿಳಿದು ಫಾದರ್ ಮನೆಗೆ ಬಂದರು. ವಯಸ್ಸಿನಲ್ಲಿ ನನ್ನ ಮಗನಷ್ಟು. “ಮೇಷ್ಟ್ರೇ, ದೇವರು ನೋಡೋದು ಹೃದಯವನ್ನ. ಎಡಗೈಯಲ್ಲೇ ಹಾಕಿ, ಏನೂ ದೋಷವಿಲ್ಲ” ಎಂದರು.

“ಹಾಗಾದರೆ ಇಷ್ಟು ವರ್ಷ ನಾನು ಮಕ್ಕಳಿಗೆ ಹೇಳಿದ್ದು ಸುಳ್ಳೇ, ಫಾದರ್?”

“ಸುಳ್ಳಲ್ಲ ಮೇಷ್ಟ್ರೇ. ಅದು ಪದ್ಧತಿ. ಕಾಯಿಲೆ ಬಂದಾಗ…”

“ಪದ್ಧತಿ ಅಂದ ಮೇಲೆ ಪದ್ಧತಿ. ಕಾಯಿಲೆ ಬಂತು ಅಂತ ನೀವು ಪೂಜೆಯನ್ನ ಹಿಂದಿನಿಂದ ಮುಂದಕ್ಕೆ ಹೇಳ್ತೀರಾ?”

ಫಾದರ್ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ, ಹನೂರಿನಲ್ಲಿ ಯಾರಿಗೋ ಹುಷಾರಿಲ್ಲ ಎಂದು ಎದ್ದರು. ಅಷ್ಟು ಬಿಸಿ ಕಾಫಿಯನ್ನು ಒಬ್ಬ ಮನುಷ್ಯ ಅಷ್ಟು ಬೇಗ ಕುಡಿದದ್ದನ್ನು ನಾನು ಕಂಡಿಲ್ಲ.

ಆಮೇಲೆ ಬಂದವರು ಪಕ್ಕದ ಮನೆಯ ಗೌಡರು. ಮೂಲ ಮುಳ್ಳೂರಿನವರು, ಹೊಲ ಗದ್ದೆ ಎಲ್ಲ ಅಲ್ಲೇ, ವಾಸ ಮಾತ್ರ ನಮ್ಮ ಕಾಂಪೌಂಡಿನ ಆಚೆ. ಅವರ ತೆಂಗಿನ ಮರ ನಮ್ಮ ಹೆಂಚಿನ ಮೇಲೆ ಬಾಗಿರುವುದರಿಂದ ನಮಗೂ ಅವರಿಗೂ ಇಪ್ಪತ್ತು ವರ್ಷದ ಜಗಳ, ಇಪ್ಪತ್ತು ವರ್ಷದ ಸ್ನೇಹ. ಅವತ್ತು ಬಿದಿರು ಬುಟ್ಟಿಯ ಬಾಯಿಗೆ ಟವೆಲು ಮುಚ್ಚಿ ಹಿಡಿದುಕೊಂಡು ಬಂದರು. ಬುಟ್ಟಿಯೊಳಗೆ ಗುಟುರ್ ಗುಟುರ್ ಸದ್ದು.

“ಪಾರಿವಾಳ ಸಾ. ಜೋಡಿ. ಕುಯ್ದು ಬಿಸಿಬಿಸಿ ರಕ್ತ ಹಚ್ಚಿ ತಿಕ್ಬುಟ್ರೆ ಲಕ್ವ ಅನ್ನದು ಎದ್ದು ಓಡೋಯ್ತದೆ. ನಮ್ಮ ದೊಡ್ಡಪ್ಪನ ಕೈ ಇಂಗೇ ಎದ್ದಿದ್ದು.”

“ಎದ್ದ ಮೇಲೆ ಏನು ಮಾಡಿದರು ನಿಮ್ಮ ದೊಡ್ಡಪ್ಪ?”

“ಅದೇ ಕೈಲಿ ನಮ್ಮಪ್ಪನ ಕೆನ್ನೆಗೆ ಬುಟ್ರು. ಜಮೀನು ಗಲಾಟೆ. ಅಷ್ಟು ಗಟ್ಟಿಯಾಗಿತ್ತು ಸಾ ಕೈ!”

ಪಾರಿವಾಳದ ರಕ್ತ ಹಚ್ಚಿದರೆ ವಾಸನೆ ಬರುವುದು ಬಿಟ್ಟು ಬೇರೇನೂ ಆಗುವುದಿಲ್ಲ ಎಂದು ಮೈಸೂರಿನ ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಅವರಿಗೂ ಈ ಸೀಮೆಯ ಜನ ಗೊತ್ತು. ಆದರೆ ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಒಳಗಿನಿಂದ ಓಡಿ ಬಂದಳು.

“ಅಯ್ಯೋ ಮಾತಾವೇ! ಪವಿತ್ರಾತ್ಮ ಇಳಿದು ಬಂದದ್ದೇ ಪಾರಿವಾಳದ ರೂಪ್ದಲ್ಲಿ ಕಣಣ್ಣ. ನಮ್ಮ ಮನೇಲಿ ಅದರ ಕತ್ತು ಕುಯ್ಯಾದಾ?”

ಗೌಡರು ಬುಟ್ಟಿಯನ್ನೂ ಅವಳನ್ನೂ ಗೋಡೆಯ ಮೇಲಿನ ಯೇಸುವಿನ ಪಟವನ್ನೂ ನೋಡಿದರು. ಪಟದ ಮೇಲ್ತುದಿಯಲ್ಲಿ ನಿಜಕ್ಕೂ ಬಿಳಿ ಪಾರಿವಾಳವಿತ್ತು. ಅವರ ಮುಖ ಸಣ್ಣದಾಯಿತು. “ತಪ್ಪಾಯ್ತು ತಾಯಿ, ಗೊತ್ತಿರ್ನಿಲ್ಲ” ಎಂದು ಪಟಕ್ಕೆ ಕೈ ಮುಗಿದರು. ಬುಟ್ಟಿಯನ್ನು ಕೆಳಗಿಟ್ಟು, “ಕೋಳಿ ರೂಪ್ದಲ್ಲಿ ಯಾರೂ ಬಂದಿಲ್ವಲ್ಲ?” ಎಂದು ಕೇಳಿದರು.

ಯಾರೂ ಬಂದಿಲ್ಲ ಎಂದು ಖಾತ್ರಿಯಾದ ಮೇಲೆ ಮಧ್ಯಾಹ್ನಕ್ಕೆ ನಾಟಿಕೋಳಿ ಸಾರು ಕಳಿಸಿದರು. ಪಾರಿವಾಳದ ಜೋಡಿ ನಮ್ಮ ಮನೆಯಲ್ಲೇ ಉಳಿಯಿತು. ಹೆಂಡತಿ ರೇಷನ್ ಅಕ್ಕಿ ಚೆಲ್ಲುತ್ತಿದ್ದಳು, ಅವು ತಿಂದು ಕೊಬ್ಬಿ ನನ್ನ ಈಸಿ ಚೇರಿನ ಹಿಡಿಯ ಮೇಲೆ ಕೂತು ಗಲೀಜು ಮಾಡುತ್ತಿದ್ದವು. ಓಡಿಸಲು ನನಗೆ ಬಲಗೈ ಇರಲಿಲ್ಲ. ಎಡಗೈ ಎತ್ತಿದರೆ ಅವು ಕ್ಯಾರೇ ಅನ್ನುತ್ತಿರಲಿಲ್ಲ.

ಕೈಗೆ ಕಸರತ್ತು ಮಾಡಿಸಲೇಬೇಕು ಎಂದು ಡಾಕ್ಟರು ಬರೆದುಕೊಟ್ಟಿದ್ದರಿಂದ ವಾರಕ್ಕೆ ಮೂರು ದಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಫಿಸಿಯೋಥೆರಪಿಗೆ ಹೋಗುತ್ತಿದ್ದೆ. ಅಲ್ಲಿದ್ದವಳು ಮೂವತ್ತರ ಹೆಂಗಸು. ನನ್ನನ್ನು ಕಂಡವಳೇ ಎದ್ದು ನಿಂತಳು. “ಸಾ, ನಾನು ಮಾಂಬಳ್ಳಿ ಶಾಲೇಲಿ ನಿಮ್ಮತ್ರ ಓದಿದ್ದು. ಏಳರ ಮಗ್ಗಿ ಬರ್ನಿಲ್ಲ ಅಂತ ಬೆಂಚಿನ ಮೇಲೆ ನಿಲ್ಸಿದ್ರಿ.” ಇಷ್ಟು ಹೇಳಿ ನಗುನಗುತ್ತ ನನ್ನನ್ನು ಬೆಂಚಿನ ಮೇಲೆ ಕೂರಿಸಿದಳು. ದೇವರು ನ್ಯಾಯವಂತ ಎಂದು ನನಗೆ ಆಗಲೇ ಅನ್ನಿಸಿತು.

ಅವಳು ಕಲಿಸಿದ್ದನ್ನು ಕೇಳಿ. “ಎಡಗೈಲಿ ಬಲಗೈ ಮಣಿಕಟ್ಟು ಇಡ್ಕಳಿ ಸಾ. ಈಗ ಎತ್ತಿ ಹಣೆಗೆ ಮುಟ್ಸಿ. ಹಾಂ. ಕೆಳಕ್ಕೆ ತಂದು ಎದೆ ಕೆಳಗೆ. ಅಲ್ಲಿಂದ ಎಡ ಹೆಗಲು. ಈಗ ನಿಧಾನಕ್ಕೆ ಬಲ ಹೆಗಲು. ಎಲ್ಲ ಕೀಲುಗೂ ಕೆಲ್ಸ ಸಿಗ್ತದೆ. ಇದನ್ನ ಬೆಳಿಗ್ಗೆ ಇಪ್ಪತ್ತು, ಸಂಜೆ ಇಪ್ಪತ್ತು ಸಲ ಮಾಡಿ.”

ನಾನು ಬೆಪ್ಪಾಗಿ ಅವಳನ್ನು ನೋಡಿದೆ. “ಇದು ಏನು ಅಂತ ಗೊತ್ತೇನಮ್ಮ ನಿನಗೆ?”

“ಶೋಲ್ಡರ್ ಎಕ್ಸರ್‌ಸೈಜ್ ಸಾ.”

ಇದು ಶಿಲುಬೆಯ ಗುರುತು, ಆಟದ ಸಾಮಾನಲ್ಲ ಎಂದು ನಾನು ಅರ್ಧ ಗಂಟೆ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, “ಅಂಗಾದ್ರೆ ಇನ್ನೂ ಒಳ್ಳೇದಾಯ್ತು ಸಾ, ನಿಮಗೆ ಮೊದ್ಲೇ ಅಭ್ಯಾಸ ಅದೆ” ಎಂದಳು. ಬೇರೆ ಕಸರತ್ತು ಕೊಡು ಎಂದರೆ, ನಾನು ಏಳರ ಮಗ್ಗಿ ಬದಲಿಗೆ ಐದರದ್ದು ಹೇಳ್ತೀನಿ ಅಂದಾಗ ನೀವು ಒಪ್ಕಂಡ್ರಾ ಎಂದು ಕೇಳಿದಳು.

ಮಾಡಬೇಕಾಯಿತು. ಆದರೆ ನಾನೂ ಬುದ್ಧಿವಂತ. ಪಿತನ ಹೆಸರೂ ಇಲ್ಲ, ಸುತನ ಹೆಸರೂ ಇಲ್ಲ. “ಒಂದು, ಎರಡು, ಮೂರು, ನಾಲ್ಕು” ಎಂದು ಎಣಿಸುತ್ತ, ಇದು ಬರೀ ಕಸರತ್ತು, ಪ್ರಾರ್ಥನೆಗೂ ಇದಕ್ಕೂ ಸಂಬಂಧವಿಲ್ಲ ಎಂದು ದೇವರಿಗೆ ಸ್ಪಷ್ಟವಾಗುವ ಹಾಗೆ ಮುಖ ಗಂಟಿಕ್ಕಿಕೊಂಡು ಮಾಡುತ್ತಿದ್ದೆ. ಬೆಳಕು ಚೆನ್ನಾಗಿರುತ್ತದೆ ಎಂದು ಮನೆಯ ಮುಂದಿನ ಜಗಲಿಯಲ್ಲಿ ಕೂರುತ್ತಿದ್ದೆ. ಎಡವಿದ್ದು ಅಲ್ಲಿ.

ಗೌಡರು ಕಾಂಪೌಂಡಿನ ಮೇಲಿಂದ ಇಣುಕಿ ನೋಡಿದರು. ದಿನಾ ಬೆಳಿಗ್ಗೆ ಇಪ್ಪತ್ತು, ಸಂಜೆ ಇಪ್ಪತ್ತು. ಬೀದಿಯಲ್ಲೆಲ್ಲ ಸುದ್ದಿಯಾಯಿತು: “ಮೇಷ್ಟ್ರು ಬಿದ್ದ ಕೈ ಎತ್ಕಂಡು ಎತ್ಕಂಡು ಅವ್ರ ದೇವ್ರನ್ನ ಕರೀತಾವ್ರೆ ಕಣ್ರಿ. ಕಣ್ಣಲ್ಲಿ ನೀರು ಬತ್ತದೆ ನೋಡುದ್ರೆ.” ಮುಖದ ಗಂಟನ್ನು ಅವರು ಭಕ್ತಿ ಎಂದುಕೊಂಡಿದ್ದರು. ಸುದ್ದಿ ಚರ್ಚಿಗೂ ಹೋಯಿತು. ಮೇಷ್ಟ್ರು ಕಾಯಿಲೆಯಲ್ಲೂ ವಿಶ್ವಾಸ ಬಿಡಲಿಲ್ಲ, ದಿನಕ್ಕೆ ನಲವತ್ತು ಸಲ ಶಿಲುಬೆ ಹಾಕುತ್ತಾರೆ, ನೋಡಿ ಕಲಿಯಿರಿ ಎಂದು ಒಂದು ಭಾನುವಾರ ಯಾರೋ ಎದ್ದು ನಿಂತು ಸಾಕ್ಷಿ ಹೇಳಿದರಂತೆ. ನನ್ನ ಹೆಂಡತಿ ತಲೆ ತಗ್ಗಿಸಿ ಕೂತಿದ್ದಳಂತೆ. ಜೀವಮಾನದಲ್ಲಿ ನಾನು ಒಂದೇ ಒಂದು ಪ್ರಾರ್ಥನೆ ಹೇಳದೆ ಕಳೆದ ಮೂರು ತಿಂಗಳು ಅವು. ನನಗೆ ಭಕ್ತನೆಂದು ಹೆಸರು ಬಂದದ್ದೂ ಆ ಮೂರು ತಿಂಗಳಲ್ಲೇ.

ಹೆಸರು ಬಂದ ಮೇಲೆ ಗಿರಾಕಿಗಳು ಬಾರದೆ ಇರುತ್ತಾರೆಯೇ? ಮೊದಲು ಬಂದವರು ಗೌಡರ ಹೆಂಡತಿ. “ನಮ್ಮ ಎಮ್ಮೆ ಗಬ್ಬ ನಿಲ್ತಾನೇ ಇಲ್ಲ ಸಾ. ಡಾಕ್ಟ್ರು ಮೂರು ಸಲ ಬಂದೋದ್ರು. ನಮ್ಮ ದೇವ್ರಿಗೆಲ್ಲ ಕಟ್ಕಂಡಾಯ್ತು. ನೀವೆಂಗೂ ದಿನಾ ಮಾತಾಡ್ತೀರಲ್ಲ, ನಿಮ್ಮ ದೇವ್ರ ಕಿವಿಗೂ ಒಂದ್ ಮಾತು ಆಕ್ಬುಡಿ.” ಆಯಿತಮ್ಮ ಎಂದೆ. ಇನ್ನೇನು ಹೇಳಲಿ? ನಾನು ಎಣಿಸುತ್ತಿರುವುದು ಒಂದು ಎರಡು ಮೂರು ಎಂದು ಹೇಳಲೇ?

ನಾಲ್ಕು ದಿನ ಆ ಎಮ್ಮೆ ನನ್ನನ್ನು ಕಾಡಿತು. ಬೆಳಿಗ್ಗೆ ಕಾಂಪೌಂಡಿನ ಮೇಲಿಂದ ಹಾಲು ಕೊಡುವಾಗ ಗೌಡಿತಿ, “ಯೋಳುದ್ರಾ ಸಾ?” ಎಂದು ಕೇಳುತ್ತಿದ್ದರು. ಎಮ್ಮೆಯೂ ಮೇವು ಬಿಟ್ಟು ನನ್ನ ಕಡೆ ನೋಡುತ್ತಿತ್ತು. ಮೇಷ್ಟ್ರಾದವನು ಸುಳ್ಳು ಹೇಳಿ ನಿಲ್ಲುವುದು ಹೇಗೆ? ಐದನೆಯ ದಿನ ತೀರ್ಮಾನಿಸಿದೆ. ನನಗಾಗಿ ಬೇಡ. ನನ್ನ ಹಟ ನನಗಿರಲಿ. ಎಮ್ಮೆಯ ವಿಷಯ ಒಂದನ್ನು ದೇವರಿಗೆ ತಿಳಿಸಿ ಬಂದುಬಿಡೋಣ, ಶಿಲುಬೆ ಗಿಲುಬೆ ಇಲ್ಲದೆ, ಅರ್ಜಿ ಕೊಟ್ಟ ಹಾಗೆ. ಹೀಗೆಂದುಕೊಂಡು ಕೋಲೂರಿಕೊಂಡು ಒಳಗಿನ ಕೋಣೆಗೆ ಹೋದೆ. ನಮ್ಮ ಪೀಠ ಇರುವುದು ಅಲ್ಲಿ: ಗೋಡೆಗೆ ಹೊಡೆದ ಹಲಗೆ, ಮಾತೆಯ ಪ್ರತಿಮೆ, ಎರಡು ಮೇಣದ ಬತ್ತಿ.

ಹೆಂಡತಿ ಅಲ್ಲಿ ಮೊಣಕಾಲೂರಿದ್ದಳು. ಬೆನ್ನು ನನ್ನ ಕಡೆಗಿತ್ತು. ನಾನು ಬಂದದ್ದು ಕೇಳಿಸಿರಲಿಲ್ಲ. ಅರ್ಧ ತಮಿಳು ಅರ್ಧ ಕನ್ನಡದಲ್ಲಿ ದೇವರನ್ನು ಬೈಯುತ್ತಿದ್ದಳು. ಬೈಯುವುದು ಎಂದೇ ಹೇಳಬೇಕು ಅದನ್ನು. “ಅವ್ರಿಗೆ ಬುದ್ಧಿ ಇಲ್ಲ, ನಿನಗೂ ಇಲ್ವಾ ಯೇಸಪ್ಪಾ? ಕೈ ಕೊಡಾಕಾಗ್ದಿದ್ರೆ ಬುಡು, ಆ ಮನಸನ್ನಾದ್ರೂ ವಾಪಸ್ ಕೊಡು. ಚರ್ಚಲ್ಲಿ ಹೆಂಗಸ್ರ ಕಡೆ ಕೂತ್ರೂ ನನ್ನ ಕಣ್ಣು ಗಂಡಸ್ರ ಕಡೇಗೇ ಓಯ್ತದೆ. ಅವ್ರು ಕೂರ ಜಾಗ ಖಾಲಿ ಇರ್ತದೆ. ನಂಗೆ ತಡ್ಯಾಕಾಗಲ್ಲ” ಎಂದಳು. ಮೂಗು ಒರೆಸಿಕೊಂಡಳು. ಆಮೇಲೆ ಪ್ರಾರ್ಥನೆ ಮುಗಿಸಲು ಶಿಲುಬೆ ಗುರುತು ಹಾಕಿಕೊಂಡಳು, ಹಣೆಯಿಂದ ಎದೆಗೆ, ಹೆಗಲಿಂದ ಹೆಗಲಿಗೆ, ಅಚ್ಚುಕಟ್ಟಾಗಿ, ನಿಧಾನಕ್ಕೆ, ನನ್ನ ತರಗತಿಯಲ್ಲಿದ್ದಿದ್ದರೆ ಮೊದಲ ಬಹುಮಾನ ಕೊಡಬೇಕಾದ ಹಾಗೆ.

ಎಡಗೈಯಲ್ಲಿ.

“ಏನೇ ಅದು!” ಎಂದು ಕೂಗಿದೆ. ಅಭ್ಯಾಸಬಲ. ಅಷ್ಟೆಲ್ಲ ಕೇಳಿದ ಮೇಲೂ ನನ್ನ ಬಾಯಿಂದ ಮೊದಲು ಬಂದದ್ದು ಅದೇ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅವಳು ಬೆಚ್ಚಲಿಲ್ಲ. ಹಲಗೆ ಹಿಡಿದುಕೊಂಡು ಎದ್ದಳು. “ಏನೂ ಇಲ್ಲ. ಶಿಲುಬೆ.”

“ಎಡಗೈಯಲ್ಲಾ?”

“ಊಂ. ಚಿಕ್ಕೋಳಿದ್ದಾಗಿಂದ್ಲೂ ಎಡಗೈಲೇ. ನಿಮ್ಮ ಮುಂದೆ, ಜನಗಳ ಮುಂದೆ ಬಲಗೈ. ಒಬ್ಳೇ ಇದ್ದಾಗ ಎಡಗೈ. ಮನಸಿನ ಮಾತು ಯೋಳ್ಬೇಕಾದ್ರೆ ನಂಗೆ ಅದೇ ಕೈ ಬರಾದು.”

“ನಲವತ್ತು ವರ್ಷದಿಂದ?”

“ನಲವತ್ತು ವರ್ಷದಿಂದ. ದೇವ್ರು ಒಂದಿನಾನೂ ‘ಬಲಗೈ!’ ಅಂತ ಕೂಗಿಲ್ಲ. ಕೂಗಿದ್ದು ನೀವೊಬ್ರೇ.”

ನಾನು ಅಲ್ಲೇ ಇದ್ದ ಅಕ್ಕಿ ಡಬ್ಬದ ಮೇಲೆ ಕುಳಿತುಬಿಟ್ಟೆ. ನಮ್ಮ ಮಕ್ಕಳಿಗೆ ಟೈಫಾಯ್ಡ್ ಬಂದಾಗ, ನಾನು ಅಗರದ ಶಾಲೆಗೆ ಹೋಗುತ್ತಿದ್ದಾಗ ಸ್ಕೂಟರಿನಿಂದ ಬಿದ್ದು ಕಾಲು ಮುರಿದಾಗ, ಈಗ ಈ ಕೈ ಬಿದ್ದಾಗ, ಮನೆಯಲ್ಲಿ ಪ್ರಾರ್ಥನೆ ನಡೆದದ್ದೆಲ್ಲ ಆ ಎಡಗೈಯಿಂದಲೇ. ನಾವೆಲ್ಲ ಉಳಿದುಕೊಂಡು ಬಂದದ್ದೂ ಅದರಿಂದಲೇ. ನನ್ನ ಬಲಗೈ ಮೂವತ್ತು ಮಕ್ಕಳ ಮುಂದೆ ಪ್ರದರ್ಶನ ಕೊಡುತ್ತಿದ್ದಾಗ, ಕೆಲಸ ಮಾಡುತ್ತಿದ್ದ ಕೈ ಬೇರೆಯದೇ ಆಗಿತ್ತು.

“ನೀವ್ಯಾಕೆ ಒಳಗ್ ಬಂದ್ರಿ?” ಎಂದು ಕೇಳಿದಳು.

“ಗೌಡರ ಎಮ್ಮೆಯ ವಿಷಯ ಹೇಳೋಣ ಅಂತ.”

ಅವಳು ಒಂದು ಕ್ಷಣ ನನ್ನ ಮುಖ ನೋಡಿ ನಗಲು ಶುರುಮಾಡಿದಳು. ನಕ್ಕು ನಕ್ಕು ನೆಲಕ್ಕೆ ಕೂತಳು. ನನಗೂ ನಗು ಬಂತು. ಲಕ್ವ ಹೊಡೆದ ಮೇಲೆ ನಾನು ನಕ್ಕಿದ್ದು ಅದೇ ಮೊದಲು. ಮಾತಿಗೆ ನೆಟ್ಟಗಾಗಿದ್ದ ಬಾಯಿ ಒಂದು ಕಡೆ ಮಾತ್ರ ನಕ್ಕಿತು, ಅದನ್ನು ಕಂಡು ಅವಳು ಇನ್ನಷ್ಟು ನಕ್ಕಳು. “ಎಮ್ಮೆ ವಿಷ್ಯ ನಾನು ಆವತ್ತೇ ಯೋಳಿವ್ನಿ. ನೀವು ಭಾನುವಾರ ಬತ್ತೀರಾ ಇಲ್ವಾ, ಅದನ್ನ ಯೋಳಿ” ಎಂದಳು.

“ಕೈ ಎತ್ತೋಕೆ ಬರಲ್ಲವಲ್ಲೇ. ಎಲ್ಲರೂ ನೋಡ್ತಾರೆ.”

“ನಿಮ್ಮ ಕೈ ಚಿಂತೆ ನನಗ್ಬುಡಿ” ಎಂದಳು.

ಭಾನುವಾರ ಗೌಡರು ತಮ್ಮ ಹಳೆಯ ವ್ಯಾನು ತಂದರು. ಎಳನೀರು ಸಾಗಿಸುವ ವ್ಯಾನು, ಸೀಟಿನ ಮೇಲೆಲ್ಲ ತೆಂಗಿನ ನಾರು. ಚರ್ಚಿನ ಮುಂದೆ ನನ್ನನ್ನು ಇಳಿಸಿ, ಒಳಗೆ ಬನ್ನಿ ಎಂದರೆ, “ನೀವ್ ಓಗ್ಬನ್ನಿ ಸಾ, ನಾನು ಚಪ್ಲಿ ಕಾಯ್ತೀನಿ” ಎಂದು ಬೇವಿನ ಮರದ ಕೆಳಗೆ ಕೂತರು. ಮೂರು ಮೆಟ್ಟಿಲು. ಎಡಗೈಯಲ್ಲಿ ಕೋಲು. ಬಲಗಡೆ ಹೆಂಡತಿ. ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಂಡು ಹತ್ತಿದೆ.

ನಮ್ಮ ಚರ್ಚಿನಲ್ಲಿ ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ. ನಮ್ಮ ಅಜ್ಜನ ಕಾಲದಿಂದಲೂ ಹಾಗೆಯೇ. ಪಟ್ಟಣದಿಂದ ಬಂದ ಹೊಸ ಜೋಡಿಗಳು ಗೊತ್ತಿಲ್ಲದೆ ಒಟ್ಟಿಗೆ ಕೂತರೆ, ಎದ್ದು ಹೋಗಿ ಅವರನ್ನು ಬೇರೆ ಮಾಡುತ್ತಿದ್ದವನು ಯಾರು ಎಂದು ಬೇರೆ ಹೇಳಬೇಕಾಗಿಲ್ಲ. ಹೆಂಡತಿ ನನ್ನನ್ನು ಗಂಡಸರ ಕಡೆ ನನ್ನ ಹಳೆಯ ಜಾಗಕ್ಕೆ ಕರೆದೊಯ್ದು ಕೂರಿಸಿದಳು. ಇನ್ನು ಆಚೆ ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ನನ್ನ ಬಲಗಡೆ, ಅದೇ ಬೆಂಚಿನಲ್ಲಿ ಕುಳಿತಳು. ಹೆಂಗಸರ ಸಾಲೆಲ್ಲ ತಿರುಗಿ ನಮ್ಮನ್ನು ನೋಡಿತು. ಹಿಂದಿನ ಬೆಂಚಿನಲ್ಲಿದ್ದ ಹಿರಿಯರೊಬ್ಬರು ಕೆಮ್ಮಿದರು. ಒಂದು ಸಲ ತಮ್ಮ ಹೆಂಡತಿಯ ಪಕ್ಕ ಕೂತಿದ್ದಕ್ಕೆ ನನ್ನಿಂದ ಎಲ್ಲರ ಮುಂದೆ ಬೈಸಿಕೊಂಡವರು.

“ಅಮ್ಮೋ, ಇದು ಗಂಡಸ್ರ ಕಡೆ” ಎಂದರು ಅವರು, ಬಹಳ ಸಂತೋಷದಿಂದ.

“ಗೊತ್ತು ಕಣಣ್ಣ. ಇವ್ರ ಕೈ ಎತ್ತಬೇಕು. ನೀನು ಎತ್ತೀಯಾ?”

ಹಿರಿಯರು ಹಾಡಿನ ಪುಸ್ತಕ ತೆರೆದುಕೊಂಡರು.

ಗಂಟೆ ಹೊಡೆಯಿತು. ಎಲ್ಲರೂ ಎದ್ದು ನಿಂತರು. ನಾನೂ ಎದ್ದೆ. ಫಾದರ್ ಪೀಠದ ಹತ್ತಿರ ಬಂದು ಕೈ ಎತ್ತಿದರು. “ಪಿತನ…” ನನ್ನ ಮಣಿಕಟ್ಟಿನ ಕೆಳಗೆ ಅವಳ ಎಡಗೈ ಬಂತು. ಪಾತ್ರೆ ತೊಳೆದು ತೊಳೆದು ಒರಟಾದ ಕೈ. ನನ್ನ ಕೈಯನ್ನು ತುಂಬಿದ ಕೊಡ ಎತ್ತಿದ ಹಾಗೆ ಚೂರೂ ಅಲುಗಿಸದೆ ಮೇಲಕ್ಕೆ ತಂದು ನನ್ನ ಹಣೆಗೆ ಮುಟ್ಟಿಸಿದಳು. ಆಗಲೇ ನನಗೆ ಹೊಳೆದದ್ದು, ಅವಳು ಬಲಗೈಯವಳಾಗಿದ್ದರೆ ಇದು ಸಾಧ್ಯವೇ ಇರಲಿಲ್ಲ ಎಂದು. ನನ್ನ ಬಲಗಡೆ ಕೂತವರಿಗೆ ನನ್ನ ಬಲಗೈಯ ಪಕ್ಕ ಸಿಗುವುದು ತಮ್ಮ ಎಡಗೈ ತಾನೆ? ನಾನು ತಿದ್ದಿ ತಿದ್ದಿ ಕೆಡಿಸಲು ನೋಡಿದ್ದ ಆ ಕೈಯ ಬಲವನ್ನು ಅವಳು ಇಷ್ಟು ವರ್ಷ ಬಚ್ಚಿಟ್ಟು ಉಳಿಸಿಕೊಂಡಿದ್ದಳು.

ಹಣೆಯಿಂದ ಎದೆಗೆ ಬಂದಾಗ ಉಳಿದವರೆಲ್ಲ ಮುಗಿಸಿ ಆಗಿತ್ತು. ಎಡ ಹೆಗಲಿಗೆ ಹೋಗುವಾಗ ಫಾದರ್ ಮುಂದಿನ ಮಾತಿಗೆ ಬಾಯಿ ತೆರೆದವರು, ನಮ್ಮನ್ನು ಕಂಡು ಸುಮ್ಮನೆ ನಿಂತರು. ಇಡೀ ಚರ್ಚು ಕಾಯಿತು. ನಮ್ಮಿಬ್ಬರ ಕೈ ಮಾತ್ರ ಎಡ ಹೆಗಲಿಂದ ಬಲ ಹೆಗಲಿಗೆ, ಘಾಟಿ ಹತ್ತುವ ಲಾರಿಯ ಹಾಗೆ, ನಿಧಾನಕ್ಕೆ ಹೊರಟಿತ್ತು. ತಲುಪಿತು. “ಆಮೆನ್” ಎಂದೆ. ಮೂರು ತಿಂಗಳ ಮೇಲೆ ಬಂದ ಆಮೆನ್. ಆ ಮೌನದಲ್ಲಿ ಅದು ಬೇವಿನ ಮರದ ತನಕ ಕೇಳಿಸಿರಬೇಕು, ಯಾಕೆಂದರೆ ಹೊರಗಿನಿಂದ ಗೌಡರು “ಊಂ!” ಎಂದು ಓಗೊಟ್ಟರು. ನನ್ನ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಎಡಗೈಯಲ್ಲಿ ಕೋಲಿತ್ತು, ಬಲಗೈ ಅವಳ ಹತ್ತಿರವಿತ್ತು. ಹಾಗೇ ಹರಿಯಲು ಬಿಟ್ಟೆ.

ಇದೆಲ್ಲ ಆಗಿ ಏಳು ತಿಂಗಳು. ಗೌಡರ ಎಮ್ಮೆ ಈಗ ತುಂಬಿದ ಗಬ್ಬ. ಪಾರಿವಾಳಗಳು ಮರಿ ಮಾಡಿವೆ. ನಾನು ಕೋಲೂರಿಕೊಂಡು ತಗಡಿನ ಶೆಡ್ಡಿಗೆ ಮತ್ತೆ ಹೋಗುತ್ತೇನೆ. ಅಲ್ಲಿ ಒಂದು ಎಡಚಿ ಮಗುವಿದೆ. ಮೊದಲ ದಿನ ನನ್ನನ್ನು ಕಂಡು ಎಡಗೈಯನ್ನು ತಾನೇ ಬೆನ್ನ ಹಿಂದೆ ಇಟ್ಟುಕೊಂಡಿತು. “ತೆಗಿಯಮ್ಮ ಅದನ್ನ, ಮುಂದೆ ಬೇಕಾಗುತ್ತೆ” ಎಂದೆ.

ಇನ್ನೊಂದು ವಿಷಯವನ್ನು ಇಲ್ಲಿ ಬರೆಯಲೋ ಬೇಡವೋ ಎಂದು ಯೋಚಿಸುತ್ತಿದ್ದೇನೆ. ಕಳೆದ ತಿಂಗಳಿಂದ ನನ್ನ ಬಲಗೈ ತಾನಾಗಿ ಏಳುತ್ತಿದೆ. ಜಗಲಿಯಲ್ಲಿ ಯಾರೂ ಇಲ್ಲದಾಗ ಪರೀಕ್ಷಿಸಿ ನೋಡಿದೆ. ನಡುಗುತ್ತದೆ, ಆದರೆ ಹಣೆ ಮುಟ್ಟುತ್ತದೆ. ಮಾಂಬಳ್ಳಿಯ ಶಿಷ್ಯೆಗೆ ಮಾತ್ರ ಗೊತ್ತು, ಮನೆಯಲ್ಲಿ ಹೇಳಬೇಡ ಎಂದು ಅವಳ ಹತ್ತಿರ ಆಣೆ ಮಾಡಿಸಿಕೊಂಡಿದ್ದೇನೆ. ಹೇಳಿದರೆ ಹೆಂಡತಿ ಮರು ಭಾನುವಾರವೇ ಹೆಂಗಸರ ಕಡೆಗೆ ಹೊರಟುಹೋಗುತ್ತಾಳೆ.

ಹೋದ ಭಾನುವಾರ ಫಾದರ್ ಕೈ ಎತ್ತಿದಾಗ ನನಗೆ ಮರೆತುಹೋಯಿತು. ಹಳೆಯ ಅಭ್ಯಾಸ, ಅವಳ ಕೈ ಎತ್ತುವ ಮೊದಲೇ ನನ್ನ ಕೈ ಮೇಲಕ್ಕೆ ಹೊರಟುಬಿಟ್ಟಿತು. ಒಂದು ಗೇಣು ಎದ್ದ ಮೇಲೆ ನೆನಪಾಗಿ ಅಲ್ಲೇ ನಿಲ್ಲಿಸಿದೆ. ಕೈ ಹಗುರಾಗಿರುವುದು ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಓರೆಗಣ್ಣಲ್ಲಿ ನೋಡಿದೆ. ಅವಳು ಪೀಠವನ್ನೇ ನೋಡುತ್ತಿದ್ದಳು. ಅವಳ ಎಡಗೈ ಎಂದಿನಂತೆ ನನ್ನ ಮಣಿಕಟ್ಟಿನ ಕೆಳಗೆ ಬಂದು, ಎಂದಿನಷ್ಟೇ ಭಾರವಿದ್ದ ಹಾಗೆ ನಿಧಾನಕ್ಕೆ ಎತ್ತಿ, ನನ್ನ ಹಣೆಗೆ ಮುಟ್ಟಿಸಿತು.